ಮುಚ್ಚಳ ಬಿಚ್ಚಿದ್ದು

ಲ್ಯಾಪ್‌ಟಾಪಿನ ತಳದಲ್ಲಿ, ಒಂದು ಸ್ಕ್ರೂವಿನ ತಲೆ ಮುಚ್ಚೋ ಹಾಗೆ, ಉಗುರಗಲದ ಚೀಟಿ ಅಂಟಿಸಿರುತ್ತಾರೆ. ಇದು ಹರಿದರೆ ವಾರಂಟಿ ರದ್ದು ಅಂತ ಇಂಗ್ಲಿಷಿನಲ್ಲಿ ಬರೆದಿರುತ್ತೆ. ದುಡ್ಡು ಕೊಟ್ಟು ಕೊಂಡವರು ನಾವು, ಮುಚ್ಚಳ ಮಾತ್ರ ಅವರದು. ಮುಟ್ಟಬೇಡ ಅನ್ನೋ ಮಾತನ್ನ ಇಂಗ್ಲಿಷಿನಲ್ಲಿ ಓದೋಕೆ ಮುಂಚೆ ಕನ್ನಡದಲ್ಲೇ ಕೇಳಿ ಬೆಳೆದವರಿಗೆ ಈ ಚೀಟಿ ಕಂಡ ಕೂಡಲೆ ಕೈ ತಾನಾಗೇ ಹಿಂದಕ್ಕೆ ಬರುತ್ತೆ. ಬಾವಿಕಟ್ಟೆ, ಹೋಟ್ಲು ಲೋಟ, ಗುಡಿ ಹೊಸ್ತಿಲು, ಆ ಸಾಲಿಗೆ ಇದೂ ಒಂದು.

ಆದರೆ ಗೆಳೆಯರೆ, ಈ ಚೀಟಿಗೆ ನಾವು ಅಂದುಕೊಂಡಷ್ಟು ಬಲ ಇಲ್ಲ. ಅಮೆರಿಕದಲ್ಲಿ 1975ರಲ್ಲೇ ವಾರಂಟಿ ಬಗ್ಗೆ ಒಂದು ಕಾಯ್ದೆ ಆಯ್ತು. ನಮ್ಮ ಬಿಡಿಭಾಗವನ್ನೇ ಹಾಕಿಸಿ, ನಮ್ಮ ಕೈಲೇ ರಿಪೇರಿ ಮಾಡಿಸಿ, ಇಲ್ಲದಿದ್ರೆ ವಾರಂಟಿ ಇಲ್ಲ ಅಂತ ಕಂಪನಿಗಳು ಸಾಮಾನ್ಯವಾಗಿ ಹೇಳೋ ಹಾಗಿಲ್ಲ ಅನ್ನೋದು ಅದರ ಸಾರ. ಅದನ್ನೇ ಹಿಡಿದು 2018ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆರು ಕಂಪನಿಗಳಿಗೆ ಎಚ್ಚರಿಕೆಯ ಪತ್ರ ಬರೆಯಿತು. ನಮ್ಮಲ್ಲಿ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು, ಅದೇ ವರ್ಷ ಡಿಸೆಂಬರ್ 24ಕ್ಕೆ ಒಂದು ಪೋರ್ಟಲ್ ತೆರೆಯಿತು. ಪೋರ್ಟಲ್ ಅಂದರೆ ಕಾಯ್ದೆ ಅಲ್ಲ. ಆದರೂ ಹಕ್ಕು ಅನ್ನೋ ಪದ ರಿಪೇರಿಯ ಪಕ್ಕ ಬಂದು ಕೂತಿದ್ದು ಸಣ್ಣ ಮಾತಲ್ಲ.

ನನ್ನ ಲ್ಯಾಪ್‌ಟಾಪಿಗೆ ಹೆದರಿಸೋ ವಾರಂಟಿ ಅಂತ ಏನೂ ಇರಲಿಲ್ಲ ಬಿಡಿ. ಯಾವುದೋ ಕಂಪನಿಯ ಆಫೀಸಲ್ಲಿ ದುಡಿದು ದುಡಿದು ಹೊರಗೆ ಬಿದ್ದ ಮಾಲು ಅದು. 2019ರಲ್ಲಿ ಬಿ.ಎ. ಓದುವಾಗ ಸ್ಕಾಲರ್‌ಶಿಪ್ಪಿನ ದುಡ್ಡಿಗೆ ಅವ್ವನ ಸಂಘದ ಸಾಲ ಸೇರಿಸಿ ಹದಿನಾಲ್ಕು ಸಾವಿರಕ್ಕೆ ತಂದದ್ದು. ನಮ್ಮ ಮನೇಲಿ ಡಿಗ್ರಿ ಅಂತ ಆದದ್ದು ನನ್ನದೇ ಮೊದಲು, ನಮ್ಮ ಬೀದೀಲಿ ಕಂಪ್ಯೂಟರ್ ಅಂತ ಬಂದದ್ದೂ ಇದೇ ಮೊದಲು. ಹಾಗಾಗಿ ಅದು ನನ್ನೊಬ್ಬಳದಾಗಿ ಉಳೀಲಿಲ್ಲ. ಯಾರದೋ ಮಗನಿಗೆ ಹಾಸ್ಟೆಲ್ ಅರ್ಜಿ, ಯಾರಿಗೋ ವಿಧವಾ ವೇತನ, ಯಾರದೋ ಪಹಣಿ ತಿದ್ದುಪಡಿ. ಪ್ರತಿಯೊಬ್ಬರೂ ಬರೋವಾಗ ಒಂದು ಪ್ಲಾಸ್ಟಿಕ್ ಕವರು ಹಿಡ್ಕೊಂಡು ಬರೋರು. ಕವರಿನೊಳಗೆ ಜಾತಿ ಪ್ರಮಾಣಪತ್ರ, ರೇಷನ್ ಕಾರ್ಡು, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಅಂಚೆಲ್ಲ ಗೆದ್ದಲು ತಿಂದ ಸಾಗುವಳಿ ಚೀಟಿ. ಎಲ್ಲದರ ಫೋಟೊ ಹಿಡಿದು, ಮನೆ ಮನೆ ಹೆಸರಲ್ಲಿ ಬೇರೆ ಬೇರೆ ಕಡತ ಮಾಡಿ ಇಟ್ಟಿದ್ದೆ. ಐದು ವರ್ಷದಲ್ಲಿ ಎಷ್ಟೋ ಮೂಲ ಕಾಗದಗಳು ಮಳೆಗೆ, ಇಲಿಗೆ ಹೋದವು. ಉಳಿದದ್ದು ಈ ಡಬ್ಬಿಯೊಳಗಿನ ನೆರಳು ಮಾತ್ರ.

ಇನ್ನೊಂದಿತ್ತು. ಅಜ್ಜಿಯ ಹಾಡು. ನಾಟಿ ಹಾಡು, ಸೋಬಾನೆ, ಒಂದಿಷ್ಟು ಬೈಗುಳ ಪದ. ಒಟ್ಟು ಐದು ಗಂಟೆ. ಕಾಲೇಜಿನ ಕನ್ನಡ ವಿಭಾಗದಿಂದ ರೆಕಾರ್ಡರ್ ಎರವಲು ತಂದು, ಎರಡು ಸಂಜೆ ಕೂರಿಸಿ ಹಾಡಿಸಿದ್ದು. 2021ರಲ್ಲಿ ಅಜ್ಜಿ ಹೋದಳು. ಕಾಗದಗಳ ಒಂದು ಪ್ರತಿ 4 ಜಿ.ಬಿ.ಯ ಪೆನ್‌ಡ್ರೈವಿನಲ್ಲಿತ್ತು. ಹಾಡು ಮೂರು ಜಿ.ಬಿ.ಗೂ ಮೇಲೆ, ಅದಕ್ಕೆ ಅಲ್ಲಿ ಜಾಗ ಇರಲಿಲ್ಲ.

2024ರ ಮುಂಗಾರಿನಲ್ಲಿ ಯಂತ್ರ ನರಳೋಕೆ ಶುರು ಮಾಡ್ತು. ಸ್ವಿಚ್ ಒತ್ತಿ ಪರದೆ ಬರೋದ್ರೊಳಗೆ ಅವ್ವ ಒಲೆ ಹೊತ್ತಿಸಿ ಎಸರು ಇಟ್ಟಿರೋಳು. ಆರು ನಿಮಿಷ. ಆಮೇಲೆ ಒಳಗಿಂದ ಟಕ್ ಟಕ್ ಅನ್ನೋ ಸದ್ದು. ಗಡಿಯಾರದ್ದಲ್ಲ, ಬಾಗಿಲಿಗೆ ಬೆರಳ ಗೆಣ್ಣಲ್ಲಿ ಬಡಿದ ಹಾಗೆ.

ಆ ಸದ್ದು ಎಲ್ಲಿಂದ ಅಂತ ತಿಳೀಬೇಕಾದರೆ ಹಾರ್ಡ್ ಡಿಸ್ಕ್ ಏನು ಅಂತ ಗೊತ್ತಿರಬೇಕು. ಅಂಗೈಯಗಲದ ಲೋಹದ ಡಬ್ಬಿ. ಒಳಗೆ ಕನ್ನಡಿಯಂಥ ತಟ್ಟೆ, ಒಂದೋ ಎರಡೋ. ನನ್ನದರಲ್ಲಿ ಅದು ನಿಮಿಷಕ್ಕೆ 5,400 ಸುತ್ತು ತಿರುಗೋದು, ಅಂದರೆ ಸೆಕೆಂಡಿಗೆ 90. ತಟ್ಟೆಯ ಮೇಲೆ ಅಯಸ್ಕಾಂತದ ಸಣ್ಣ ಸಣ್ಣ ಗುರುತುಗಳು. ನಮ್ಮ ಅಕ್ಷರ, ಫೋಟೊ, ಹಾಡು ಎಲ್ಲ ಅವೇ. ಅದನ್ನು ಓದೋ ತಲೆ ತಟ್ಟೆಯನ್ನ ಮುಟ್ಟೋದಿಲ್ಲ. ತಿರುಗೋ ತಟ್ಟೆ ಎಬ್ಬಿಸಿದ ಗಾಳಿಯ ಮೇಲೆ, ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲ್ತಾ ಇರುತ್ತೆ. ನಮ್ಮ ಒಂದು ತಲೆಗೂದಲ ದಪ್ಪ ಎಪ್ಪತ್ತು ಎಂಬತ್ತು ಸಾವಿರ ನ್ಯಾನೊಮೀಟರ್. ಆ ಸಂದಿಗೆ ದೂಳಿನ ಒಂದು ಕಣ ಅಂದರೆ ಬಂಡೆ ಉರುಳಿದ ಹಾಗೆ. ಓದೋ ತಲೆ ತನ್ನ ಜಾಗ ಸಿಗದೆ ಹಿಂದಕ್ಕೆ ಹೋಗಿ ಮತ್ತೆ ಮತ್ತೆ ಹುಡುಕೋವಾಗ ಆಗೋ ಸದ್ದು ಆ ಟಕ್ ಟಕ್.

ಹಾಗಾಗಿ ಮುಚ್ಚಳಗಳಲ್ಲಿ ಎರಡು ಥರ. ಲ್ಯಾಪ್‌ಟಾಪಿನ ತಳದ ಮುಚ್ಚಳ ಬಿಚ್ಚಬೇಡ ಅನ್ನೋದು ಯಜಮಾನಿಕೆಯ ಮಾತು. ಬದುಕಿರೋ ಹಾರ್ಡ್ ಡಿಸ್ಕಿನ ಮುಚ್ಚಳ ಬಿಚ್ಚಬೇಡ ಅನ್ನೋದು ದೂಳಿನ ಮಾತು, ಭೌತಶಾಸ್ತ್ರದ ಮಾತು. ಮೊದಲನೆಯದನ್ನ ಮೀರಬೇಕು, ಎರಡನೆಯದನ್ನ ಕೇಳಬೇಕು. ನಮ್ಮ ಹುಡುಗರಲ್ಲಿ ಕೆಲವರು ಸಿಟ್ಟಿನಲ್ಲಿ ಎರಡನ್ನೂ ಒಂದೇ ಏಟಿಗೆ ಒಡೀತಾರೆ. ಒಂದಿಷ್ಟು ಮೇಷ್ಟ್ರುಗಳು ಭಯದಲ್ಲಿ ಎರಡಕ್ಕೂ ಕೈ ಮುಗೀತಾರೆ.

ಡಿಸ್ಕು ತನ್ನ ಕಾಯಿಲೆಯ ಲೆಕ್ಕ ತಾನೇ ಬರೆದಿಟ್ಟುಕೊಂಡಿರುತ್ತೆ. ಅದಕ್ಕೆ ಸ್ಮಾರ್ಟ್ ಅಂತ ಹೆಸರು. ಸ್ಮಾರ್ಟ್‌ಮಾನ್‌ಟೂಲ್ಸ್ ಅನ್ನೋ ಪುಗಸಟ್ಟೆ ತಂತ್ರಾಂಶದಲ್ಲಿ ಅದನ್ನ ಓದಬಹುದು. ಮುಖ್ಯವಾಗಿ ನೋಡಬೇಕಾದ್ದು 5, 197, 198 ಅನ್ನೋ ಮೂರು ಸಾಲು. 5ನೆಯದು ಕೆಟ್ಟುಹೋಗಿ ಬೇರೆ ಕಡೆ ಬದಲಿ ಜಾಗ ಪಡೆದ ತುಣುಕುಗಳ ಲೆಕ್ಕ. 197 ಅಂದರೆ ಓದೋಕೆ ಆಗದೆ, ಬದಲಿಯೂ ಸಿಗದೆ ಕಾದು ಕೂತವು. ಸೊನ್ನೆ ಇದ್ದರೆ ಚೆಂದ. ನನ್ನದರಲ್ಲಿ 197ರ ಎದುರು ಇನ್ನೂರಕ್ಕೂ ಮೇಲೆ ಇತ್ತು, ಮಾರನೆ ದಿನ ಇನ್ನಷ್ಟು ಏರಿತ್ತು. ಏರ್ತಾ ಇದೆ ಅಂದರೆ ಸಾಯ್ತಾ ಇದೆ ಅಂತ. ಅವತ್ತಿಗೆ ಅದನ್ನ ಆಫ್ ಮಾಡಿ ಇಟ್ಟೆ. ಸಾಯೋ ಡಿಸ್ಕನ್ನ ಓಡಿಸಿದಷ್ಟೂ ಅದರ ಆಯಸ್ಸು ಕಮ್ಮಿ.

ತಾಲ್ಲೂಕಿನ ಅಂಗಡಿಗೆ ಹೋಗಿ ಕೇಳಿದೆ. ಕೌಂಟರಿನ ಹಿಂದಿದ್ದವನು ಲ್ಯಾಪ್‌ಟಾಪನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ.

“ನಾಕೂವರೆ ಸಾವಿರ ಆಗುತ್ತೆ. ಡೇಟಾ ಗ್ಯಾರಂಟಿ ಇಲ್ಲ. ಪಾಸ್‌ವರ್ಡ್ ಬರ್ಕೊಟ್ಟು ಬಿಟ್ಟೋಗಮ್ಮ, ಮೂರು ದಿನ.”

“ಇಲ್ಲೇ ಕೂತಿರ್ತೀನಿ ಅಣ್ಣ, ನನ್ನ ಮುಂದೇನೇ ಮಾಡಿ.”

“ಹಂಗೆಲ್ಲ ಆಗಲ್ಲ. ಇದೇನು ಪಂಚರ್ ಅಂಗಡಿನಾ?”

ಪಂಚರ್ ಅಂಗಡಿ ಆಗಿದ್ರೆ ಚೆನ್ನಾಗಿರೋದು. ಅಲ್ಲಿ ಟ್ಯೂಬು ನಮ್ಮ ಕಣ್ಣೆದುರಿಗೇ ನೀರಲ್ಲಿ ಮುಳುಗುತ್ತೆ, ಗುಳ್ಳೆ ಎಲ್ಲಿ ಎದ್ದಿತು ಅಂತ ನಾವೂ ನೋಡ್ತೀವಿ. ನಲವತ್ತು ಮನೆ ಜನರ ಆಧಾರ್ ನಂಬರು, ಪಾಸ್‌ಬುಕ್ಕು, ಹೆಬ್ಬೆಟ್ಟು ಒತ್ತಿದ ಕಾಗದ, ಅವರೆಲ್ಲ ನನ್ನ ನಂಬಿ ಕೊಟ್ಟದ್ದನ್ನ ಪಾಸ್‌ವರ್ಡ್ ಸಮೇತ ಮೂರು ದಿನ ಒಬ್ಬರ ಬೆಂಚಿನ ಮೇಲೆ ಬಿಟ್ಟು ಬರೋಕೆ ನನಗೆ ಮನಸ್ಸು ಒಪ್ಪಲಿಲ್ಲ. ಆ ಮನುಷ್ಯ ಕೆಟ್ಟವನು ಅಂತ ನಾನು ಹೇಳ್ತಿಲ್ಲ. ನಮ್ಮ ಜನರ ಕಾಗದ ಬೇರೆಯವರ ಕೈಯಲ್ಲಿ ಉಳಿದಾಗ ಏನಾಗುತ್ತೆ ಅನ್ನೋದಕ್ಕೆ ನಮ್ಮ ಕೇರೀಲಿ ಕತೆಗಳು ಬೇಕಾದಷ್ಟಿವೆ. ಜಮೀನಿನ ಎಷ್ಟೋ ವ್ಯಾಜ್ಯದ ಬುಡದಲ್ಲಿರೋದು, ನೋಡಿ ಕೊಡ್ತೀನಿ ಅಂತ ಇಸ್ಕೊಂಡ ಒಂದು ಕಾಗದ.

ಕೆಲಸಕ್ಕೆ ಅರ್ಜಿ ಹಾಕೋ ನೆಪದಲ್ಲಿ ಬೆಂಗಳೂರಿಗೆ ಹೋದವಳು ಎಸ್.ಪಿ. ರಸ್ತೆಗೆ ನುಗ್ಗಿದೆ. ಸಾದರ ಪತ್ರಪ್ಪ ರಸ್ತೆ ಅಂತ ಅದರ ಪೂರ್ತಿ ಹೆಸರು. ಕಂಪ್ಯೂಟರಿನ ಕರುಳು, ಮೂಳೆ, ಚರ್ಮ ಎಲ್ಲ ಬೇರೆ ಬೇರೆ ತೂಗಿ ಮಾರೋ ಬೀದಿ. ನನಗೆ ಬೇಕಾದ್ದು ಎಸ್‌ಎಸ್‌ಡಿ. ಅದರಲ್ಲಿ ತಿರುಗೋ ತಟ್ಟೆ ಇಲ್ಲ, ತೇಲೋ ತಲೆ ಇಲ್ಲ, ಬರೀ ಚಿಪ್ಪುಗಳು. ಎರಡೂವರೆ ಇಂಚಿನದು, ಸಾಟಾ ಕನೆಕ್ಟರಿನದು ಇರಬೇಕು. ಹಳೆ ಲ್ಯಾಪ್‌ಟಾಪುಗಳಿಗೆ ಆಗೋದು ಅದೇ. ಹೊಸ ಯಂತ್ರಗಳಲ್ಲಿ ಚೂಯಿಂಗ್ ಗಮ್ಮಿನ ಪಟ್ಟಿಯಂಥ ಎಂ.2 ಅನ್ನೋದು ಬರುತ್ತೆ, ಅದು ಬೇರೆ.

ಅಂಗಡಿಯವರು 480 ಜಿ.ಬಿ.ದು ಮುಂದಿಟ್ಟು, ಇದೇ ಸಾಕು ಮೇಡಂ, ಎಲ್ಲಾರೂ ಇದೇ ತಗೊಳ್ಳೋದು ಅಂದರು. ಸಾಕಾಗಲ್ಲ. ಹಳೆಯ 500 ಜಿ.ಬಿ. ಡಿಸ್ಕಿನಲ್ಲಿ ಇರೋದು 50,000 ಕೋಟಿ ಬೈಟಿಗೆ ಸ್ವಲ್ಪ ಮೇಲೆ. 480ರದ್ದರಲ್ಲಿ 48,000 ಕೋಟಿ ಮಾತ್ರ. ಇದ್ದದ್ದು ಇದ್ದ ಹಾಗೆ ತುಣುಕಿಗೆ ತುಣುಕು ಇಳಿಸಬೇಕಾದರೆ ಹೊಸ ಮಡಕೆ ಹಳೇದರಷ್ಟಾದರೂ ಇರಬೇಕು, ಇಲ್ಲಾಂದ್ರೆ ಕೊನೆಯ ಪಾಲು ಹೊರಗೆ ಉಳಿಯುತ್ತೆ. 512ರದ್ದು ತೆಗೆಸಿದೆ. ಜೊತೆಗೆ ಡಿಸ್ಕನ್ನ ಹೊರಗಿನಿಂದ ಯುಎಸ್‌ಬಿಗೆ ಸಿಕ್ಕಿಸೋ ಒಂದು ಕೇಬಲ್ಲು, ಪ್ಲಸ್ ಮೂತಿಯ ಒಂದು ಸಣ್ಣ ಸ್ಕ್ರೂಡ್ರೈವರ್. ಎಲ್ಲ ಸೇರಿ ಮೂರೂವರೆ ಸಾವಿರದೊಳಗೆ ಮುಗೀತು.

ಬಿಚ್ಚೋದಕ್ಕಿಂತ ಮೊದಲು ಇಳಿಸೋದು. ಇದನ್ನ ತಿರುಗುಮುರುಗು ಮಾಡಬಾರದು. ಲಿನಕ್ಸ್ ತುಂಬಿದ ಪೆನ್‌ಡ್ರೈವಿನಿಂದ ಯಂತ್ರ ಶುರು ಮಾಡಿದರೆ ಸಾಯ್ತಿರೋ ಡಿಸ್ಕಿನ ಮೇಲೆ ವಿಂಡೋಸನ್ನ ಓಡಿಸೋ ಹೊರೆ ಇರಲ್ಲ. ಹೊಸ ಎಸ್‌ಎಸ್‌ಡಿ ಕೇಬಲ್ಲಿನಲ್ಲಿ ಹೊರಗೆ ನೇತಾಡ್ತಿತ್ತು. ಡಿಡಿರೆಸ್ಕ್ಯೂ ಅನ್ನೋ ತಂತ್ರಾಂಶ ಇದೆ, ಗ್ನೂ ಬಳಗದ್ದು. ಅದರ ಬುದ್ಧಿ ನನಗೆ ತುಂಬ ಹಿಡಿಸಿತು. ಸಾಧಾರಣ ಕಾಪಿ ಮಾಡೋ ತಂತ್ರಾಂಶ ಒಂದು ಕೆಟ್ಟ ತುಣುಕು ಸಿಕ್ಕಿದರೆ ಅಲ್ಲೇ ತಲೆ ಚಚ್ಚಿಕೊಂಡು ನಿಲ್ಲುತ್ತೆ. ಇದು ಹಾಗಲ್ಲ. ಓದೋಕೆ ಆಗದ ಕಡೆ ಜಿಗಿದು ಮುಂದೆ ಹೋಗುತ್ತೆ, ಮೊದಲು ಚೆನ್ನಾಗಿರೋದನ್ನೆಲ್ಲ ಬಾಚಿಕೊಳ್ಳುತ್ತೆ, ಆಮೇಲೆ ತಿರುಗಿ ಬಂದು ಕೆಟ್ಟದ್ದರ ಅಂಚು ಅಂಚನ್ನ ಕೆರೆಯುತ್ತೆ. ಎಲ್ಲಿವರೆಗೆ ಬಂದೆ, ಏನು ಸಿಕ್ಕಿತು, ಏನು ಬಿಟ್ಟೆ ಅನ್ನೋದನ್ನ ಒಂದು ಮ್ಯಾಪ್ ಕಡತದಲ್ಲಿ ಬರೆದಿಡುತ್ತೆ. ಆ ಕಡತಕ್ಕೆ ಇನ್ನೊಂದು ಪೆನ್‌ಡ್ರೈವ್ ಕೊಟ್ಟಿದ್ದೆ.

ಇಲ್ಲಿ ಒಂದು ಜಾಗ ಮಾತ್ರ ಮೈ ಜುಮ್ಮೆನ್ನುತ್ತೆ. ಯಾವುದರಿಂದ ಯಾವುದಕ್ಕೆ ಅಂತ ಆ ತಂತ್ರಾಂಶಕ್ಕೆ ನಾವೇ ಹೇಳಬೇಕು. ತಿರುಗಿಸಿ ಹೇಳಿದರೆ ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ಹರಿದು ಎಲ್ಲವನ್ನೂ ಸವರಿಹಾಕುತ್ತೆ. ಎರಡೂ ಹೆಚ್ಚು ಕಮ್ಮಿ ಒಂದೇ ಅಳತೆ ಬೇರೆ. ಮಾದರಿಯ ಹೆಸರು ನೋಡಿ, ಡಬ್ಬಿಯ ಮೇಲಿನ ಚೀಟಿಗೆ ಹೋಲಿಸಿ, ತಂಗಿಯ ಕೈಲಿ ಗಟ್ಟಿಯಾಗಿ ಓದಿಸಿ, ಆಮೇಲೆ ಎಂಟರ್ ಒತ್ತಿದ್ದು.

ಸಂಜೆ ಏಳಕ್ಕೆ ಶುರು. ಒಂಬತ್ತೂ ಮುಕ್ಕಾಲಿಗೆ ಕರೆಂಟು ಹೋಯ್ತು. ಹಳ್ಳಿಯ ಕರೆಂಟಿಗೆ ಇಂಥ ಹೊತ್ತು ಚೆನ್ನಾಗಿ ಗೊತ್ತು. ಬ್ಯಾಟರಿ ಮುಕ್ಕಾಲು ಗಂಟೆ ಎಳೆದು ಕೈಬಿಟ್ಟಿತು. ಮನೆ ತುಂಬ ಕತ್ತಲೆ, ಹೊರಗೆ ಮಳೆ. ಅವ್ವ ಬುಡ್ಡಿ ಹಚ್ಚಿ ತಂದಿಟ್ಟು, “ಅಜ್ಜಿ ಹಾಡು ಬಂತಾ?” ಅಂದಳು. ಬಂತೋ ಇಲ್ವೋ ಹೇಗೆ ಹೇಳೋದು? ರಾತ್ರಿ ಒಂದರ ಮೇಲೆ ಕರೆಂಟು ಬಂತು. ಮತ್ತೆ ಶುರು ಮಾಡಿದಾಗ ಆ ಮ್ಯಾಪ್ ಕಡತ ನೋಡಿಕೊಂಡು, ನಿಂತ ಜಾಗದಿಂದಲೇ ಹೊರಟಿತು. ಕರೆಂಟಿಲ್ಲದ ಊರಿನ ಜನರನ್ನ ನೆನೆಸಿಕೊಂಡೇ ಯಾರೋ ಬರೆದಿದ್ದಾರೆ ಅನ್ನಿಸ್ತು.

ಬೆಳಗ್ಗೆ ಎಂಟಕ್ಕೆ 99.99 ಅಂತ ತೋರಿಸ್ತು. ಮಧ್ಯಾಹ್ನದವರೆಗೂ ಕೆರೆದು ಕೆರೆದು, ಕೊನೆಗೆ ಸಿಗದೆ ಉಳಿದದ್ದು 380 ಕೆ.ಬಿ. 500 ಜಿ.ಬಿ.ಯಲ್ಲಿ 380 ಕೆ.ಬಿ. ಅಂದರೆ ಒಂದು ಕಣಜ ರಾಗಿಯಲ್ಲಿ ಒಂದೆರಡು ಕಾಳು.

ಬಿಚ್ಚೋ ಕೆಲಸಕ್ಕೆ ಅಪ್ಪ ಬಂದು ಕೂತ. ಅಪ್ಪ ಇಪ್ಪತ್ತೆರಡು ವರ್ಷ ಮೋಟಾರ್ ರಿವೈಂಡಿಂಗ್ ಅಂಗಡೀಲಿ ದಿನಗೂಲಿಗೆ ದುಡಿದವನು. ಸುಟ್ಟುಹೋದ ಪಂಪ್‌ಸೆಟ್ಟಿನ ಹೊಟ್ಟೆ ಬಗೆದು, ಕರಕಲು ತಂತಿ ಕಿತ್ತು, ಸುತ್ತು ಎಣಿಸಿ ಹೊಸ ತಾಮ್ರ ಸುತ್ತಿ, ವಾರ್ನಿಷ್ ಹೊಯ್ದು ಮತ್ತೆ ನೀರು ಎತ್ತಿಸಿದ ಕೈ. ಆ ಕೈಗೆ ಸರ್ಟಿಫಿಕೇಟಿಲ್ಲ. ಬೋರ್ಡಿನ ಮೇಲೆ ಹೆಸರು ಮಾಲೀಕನದು.

“ಮೊದ್ಲು ಕರೆಂಟು ಕೀಳು ಮಗಾ.” ಅಪ್ಪನ ಮೊದಲ ಮಾತು ಅದೇ. ಚಾರ್ಜರು ತೆಗೆದೆ, ಬ್ಯಾಟರಿ ಹೊರಗೆ ಎಳೆದೆ, ಒಳಗೆ ಉಳಿದ ಚೂರುಪಾರು ವಿದ್ಯುತ್ತು ಇಳಿಯಲಿ ಅಂತ ಪವರ್ ಬಟನ್ನನ್ನ ಹತ್ತು ಸೆಕೆಂಡು ಅದುಮಿ ಹಿಡಿದೆ. ಮೈಯಲ್ಲಿ ಕೂತಿರೋ ಸ್ಥಿರವಿದ್ಯುತ್ತು ಚಿಪ್ಪನ್ನ ಸುಡಬಹುದು, ಅದಕ್ಕೆ ಲೋಹದ ಭಾಗ ಮುಟ್ಟಿ ಅದನ್ನ ಕಳಕೋಬೇಕು. ಮಳೆಗಾಲದ ತೇವ ಗಾಳಿಯಲ್ಲಿ ಆ ಭಯ ಕಮ್ಮಿ. ಮುಟ್ಟಿ ಶುದ್ಧವಾಗೋ ಕೆಲಸ ಇದೊಂದೇ ಇರಬೇಕು ಅಂತ ತಂಗಿ ನಗಾಡಿದಳು.

ಒಂದು ರಟ್ಟಿನ ಮೇಲೆ ಲ್ಯಾಪ್‌ಟಾಪಿನ ತಳದ ಚಿತ್ರ ಗೀಚಿ, ಯಾವ ತೂತಿನ ಸ್ಕ್ರೂವನ್ನ ಆ ಜಾಗದಲ್ಲೇ ಚುಚ್ಚಿಡು ಅಂದ ಅಪ್ಪ. ಸ್ಕ್ರೂಗಳೆಲ್ಲ ನೋಡೋಕೆ ಒಂದೇ, ಉದ್ದ ಬೇರೆ ಬೇರೆ. ಗಿಡ್ಡದರ ಜಾಗಕ್ಕೆ ಉದ್ದದ್ದು ಹೊಕ್ಕರೆ ಆ ಕಡೆ ಏನಿದೆಯೋ ಅದನ್ನ ಚುಚ್ಚುತ್ತೆ. ಇಷ್ಟು ವಿವೇಕ ನನಗೆ ಯಾವ ಕಂಪ್ಯೂಟರ್ ತರಗತಿಯಲ್ಲೂ ಯಾರೂ ಹೇಳಿರಲಿಲ್ಲ.

ಮುಚ್ಚಳ ಎದ್ದಿತು. ಒಳಗೆ ಹತ್ತಿಯಂಥ ದೂಳು. ಯಾವ ಆಫೀಸಿನದೋ, ಯಾವ ಊರಿನದೋ. ಡಿಸ್ಕು ಒಂದು ತಗಡಿನ ತೊಟ್ಟಿಲಲ್ಲಿ ಕೂತಿತ್ತು, ಪಕ್ಕದಲ್ಲಿ ನಾಲ್ಕು ಸಣ್ಣ ಸ್ಕ್ರೂ. ಅದನ್ನ ಮೇಲಕ್ಕೆ ಎತ್ತಬಾರದು, ಕನೆಕ್ಟರಿನಿಂದ ಹಿಂದಕ್ಕೆ ಜಾರಿಸಬೇಕು. ಕನೆಕ್ಟರಿನಲ್ಲಿ ಎರಡು ಪಾಲು, ಗಿಡ್ಡದು ಮಾಹಿತಿಗೆ, ಉದ್ದದ್ದು ವಿದ್ಯುತ್ತಿಗೆ. ಹಳೆಯದರ ದಪ್ಪ 9.5 ಮಿಲಿಮೀಟರ್, ಹೊಸದು 7. ಉಳಿದ ಸಂದಿಯಲ್ಲಿ ಅಲುಗದಿರಲಿ ಅಂತ ಡಬ್ಬಿಯಲ್ಲೇ ಒಂದು ಪ್ಲಾಸ್ಟಿಕ್ ಚೌಕಟ್ಟು ಕೊಟ್ಟಿದ್ದರು. ತೊಟ್ಟಿಲಿಗೆ ಕೂರಿಸಿ, ನೇರಕ್ಕೆ ತಳ್ಳಿದಾಗ ಕಟ್ ಅಂತ ಸಣ್ಣ ಸದ್ದು. ಅಷ್ಟೇ. ಮೂಲತಃ ಕೆಲಸ ಹದಿನೈದು ನಿಮಿಷದ್ದು. ಇದಕ್ಕಾ ಮೂರು ದಿನ, ಪಾಸ್‌ವರ್ಡು?

ಸ್ವಿಚ್ ಒತ್ತಿದರೆ ಇಪ್ಪತ್ತು ಸೆಕೆಂಡಿಗೆ ಪರದೆ. ಅವ್ವ ಒಲೆಗೆ ಸೌದೆ ಒಡ್ಡಿರಲಿಲ್ಲ ಇನ್ನೂ. ಇದರಲ್ಲಿ ಮಾಯ ಏನಿಲ್ಲ. ತಟ್ಟೆಯ ಡಿಸ್ಕಿನಲ್ಲಿ ಬೇಕಾದ ಜಾಗ ತಲೆಯ ಕೆಳಗೆ ತಿರುಗಿ ಬರೋವರೆಗೂ ಕಾಯಬೇಕು. 5,400 ಸುತ್ತಿನದರಲ್ಲಿ ಒಂದು ಸುತ್ತಿಗೇ 11 ಮಿಲಿಸೆಕೆಂಡು. ಯಂತ್ರ ಎದ್ದೇಳುವಾಗ ಸಾವಿರಾರು ಚಿಲ್ಲರೆ ಕಡತ ಕೇಳುತ್ತೆ, ಒಂದೊಂದಕ್ಕೂ ಆ ಕಾಯೋದು. ಚಿಪ್ಪಿನಲ್ಲಿ ತಿರುಗೋದೇ ಇಲ್ಲ, ಕಾಯೋದೂ ಇಲ್ಲ.

ಕಾಗದಗಳು ಎಲ್ಲ ಇದ್ದವು. ನನ್ನ ಕವಿತೆಗಳೂ ಇದ್ದವು. ನುಡಿಯ ಹಳೆ ಅಕ್ಷರಶೈಲಿಯಲ್ಲಿ ಹೊಡೆದವು ಅವು. ಡಿಸ್ಕು ಇಡಿಯಾಗಿ ಇಳಿದದ್ದರಿಂದ ಅಕ್ಷರಶೈಲಿಯೂ ಜೊತೆಗೇ ಬಂತು, ಕವಿತೆ ಕವಿತೆಯಾಗಿಯೇ ತೆರೆಯಿತು. ಬರೀ ಕಡತ ಮಾತ್ರ ಬೇರೆ ಯಂತ್ರಕ್ಕೆ ಹೊತ್ತುಕೊಂಡು ಹೋಗಿದ್ದರೆ ಕನ್ನಡದ ಬದಲು ಟೋಪಿ ಕೊಂಬು ಇಟ್ಟ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣ್ತಿತ್ತು. ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದೆ. ಆದರೂ ನಮ್ಮ ಎಷ್ಟೋ ಸಣ್ಣ ಪತ್ರಿಕೆಗಳು, ಡಿ.ಟಿ.ಪಿ. ಅಂಗಡಿಗಳು, ನಮ್ಮ ಕವಿಗಳ ಹಸ್ತಪ್ರತಿಗಳು ಆ ಹಳೆ ಅಕ್ಷರಗಳೊಳಗೇ ಕೂತಿವೆ. ಪರಿವರ್ತಕಗಳಿವೆ, ಒತ್ತಕ್ಷರದಲ್ಲಿ ಒಂದಿಷ್ಟು ಎಡವುತ್ತವೆ, ಕೂತು ತಿದ್ದಬೇಕು. ಒಂದು ಮಳೆಗಾಲ ಕೂತು ನನ್ನವನ್ನೆಲ್ಲ ತಿರುಗಿಸಿದೆ. ಅದು ಮುಂದೆ ಕೆಲಸಕ್ಕೆ ಬಂತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗೀತು, 11 ಹಾಕಿಕೊಳ್ಳೋಕೆ ನನ್ನ ಯಂತ್ರದ ವಯಸ್ಸು ಅಡ್ಡ ಬಂತು, ನಾನು ಪೂರ್ತಿ ಲಿನಕ್ಸಿಗೆ ಬಂದೆ. ಚೆನ್ನಾಗಿ ನಡೀತಿರೋ ಯಂತ್ರವನ್ನ ದಿನಾಂಕ ಹಾಕಿ ಮುದಿ ಮಾಡೋ ಈ ವ್ಯಾಪಾರದ ಬಗ್ಗೆ ಬೇರೆಯೇ ಬರೀಬೇಕು.

ಹಾಡು. ಅವ್ವ, ದೊಡ್ಡವ್ವ, ಅಕ್ಕಪಕ್ಕದ ಹೆಂಗಸರು ಎಲ್ಲ ಬಂದು ಕೂತರು. ಅಜ್ಜಿ ಕೆಮ್ಮಿ, ನೀರು ಕೇಳಿ, ಹಾಡೋಕೆ ಶುರು ಮಾಡಿದಳು. ಮೂರನೆಯ ಹಾಡಿನ ಮಧ್ಯೆ ಒಂದು ಸೆಕೆಂಡು ಏನೂ ಇಲ್ಲ. ಆ ಕಡತದಲ್ಲಿ ಒಂದು ಸೆಕೆಂಡಿನ ದನಿ ಅಂದರೆ 176 ಕೆ.ಬಿ. ಸಿಗದೆ ಹೋದ 380ರಲ್ಲಿ ಹತ್ತಿರ ಹತ್ತಿರ ಅರ್ಧ ಅಲ್ಲೇ ಬಿದ್ದಿತ್ತು. ಒಂದು ಪದ ಹೋಗಿತ್ತು. ಅವ್ವ ಆ ಪದ ಇಂಥದ್ದು ಅಂದಳು. ದೊಡ್ಡವ್ವ ಅದಲ್ಲ, ನಿಂಗೇನು ಗೊತ್ತು, ನೀನಾಗ ಇನ್ನೂ ಎದೆಹಾಲು ಕುಡೀತಿದ್ದೆ ಅಂತ ಬೇರೆ ಪದ ಹೇಳಿದಳು. ಇಬ್ಬರೂ ಹಾಡಿ ತೋರಿಸಿದರು. ಎರಡೂ ತಾಳಕ್ಕೆ ಕೂರುತ್ತವೆ. ಅವತ್ತಿನ ಜಗಳ ಇನ್ನೂ ಇತ್ಯರ್ಥ ಆಗಿಲ್ಲ. ನಾನು ಎರಡನ್ನೂ ಬರೆದಿಟ್ಟುಕೊಂಡಿದ್ದೀನಿ.

ಈ ಡಬ್ಬಿಗಳ ಹಿಂದೆ ಯಾರ ಕೈ ಇದೆ ಅಂತ ಹುಡುಕ್ತಾ ಹೋದೆ. 1956ರಲ್ಲಿ ಐಬಿಎಂನವರು ಮೊದಲ ಹಾರ್ಡ್ ಡಿಸ್ಕ್ ಯಂತ್ರ ತಂದಾಗ ಅದರಲ್ಲಿ 24 ಇಂಚು ಅಗಲದ 50 ತಟ್ಟೆ ಇದ್ದವು, ತೂಕ ಒಂದು ಟನ್ನಿಗೂ ಮೇಲೆ, ಹಿಡೀತಿದ್ದದ್ದು 50 ಲಕ್ಷ ಅಕ್ಷರ. ನನ್ನ ಹಳೆ ಡಿಸ್ಕು ಅಂಥ ಲಕ್ಷ ಯಂತ್ರಗಳಷ್ಟು. ಎಸ್‌ಎಸ್‌ಡಿಯ ಜೀವ ಅನ್ನಬಹುದಾದ ಫ್ಲ್ಯಾಶ್ ಮೆಮೊರಿ ಕಂಡುಹಿಡಿದವರು ಜಪಾನಿನ ಫುಜಿಯೊ ಮಸುಒಕ. ತೋಷಿಬಾದಲ್ಲಿ ಸಂಬಳಕ್ಕಿದ್ದ ಎಂಜಿನಿಯರ್. 1984ರಲ್ಲಿ ಒಂದು ಬಗೆ, 1987ರಲ್ಲಿ ನ್ಯಾಂಡ್ ಅನ್ನೋ ಇನ್ನೊಂದು ಬಗೆ ಲೋಕದ ಮುಂದಿಟ್ಟರು. ತಾನು ಕಂಡುಹಿಡಿದದ್ದರ ಪಾಲಿಗಾಗಿ 2004ರಲ್ಲಿ ಕೋರ್ಟಿಗೆ ಹೋಗಬೇಕಾಯ್ತು. 2006ರಲ್ಲಿ 8.7 ಕೋಟಿ ಯೆನ್ನಿಗೆ ರಾಜಿಯಾಯ್ತು. ಇವತ್ತು ಲೋಕದ ಪ್ರತಿ ಜೇಬಿನ ಫೋನಿನಲ್ಲೂ ಆ ಮನುಷ್ಯನ ಬುದ್ಧಿ ಇದೆ. ಎಂಜಿನಿಯರಿಗೇ ಈ ಗತಿ ಆದರೆ ಜೋಡಿಸೋ ಕೈಗಳನ್ನ ಕೇಳೋರು ಯಾರು? 2011ರಲ್ಲಿ ಥಾಯ್ಲೆಂಡಿನಲ್ಲಿ ಮಹಾ ನೆರೆ ಬಂದು ಅಯುತ್ಥಯ ಕಡೆಯ ಕೈಗಾರಿಕಾ ಪ್ರದೇಶಗಳು ಮುಳುಗಿದಾಗ ಲೋಕದ ಎಲ್ಲ ಕಡೆ ಹಾರ್ಡ್ ಡಿಸ್ಕಿನ ಬೆಲೆ ಏರಿತು. ಬೆಲೆ ಏರಿದ ಮೇಲೇ ಆ ಡಬ್ಬಿಗಳು ಎಲ್ಲಿ ತಯಾರಾಗುತ್ತವೆ ಅಂತ ಕೊಳ್ಳೋರಿಗೆ ಗೊತ್ತಾದದ್ದು.

ಹಳ್ಳಿ ಮೇಷ್ಟ್ರುಗಳಿಗೆ ಒಂದು ಮಾತು. ನಾನು ಅತಿಥಿ ಶಿಕ್ಷಕಿಯಾಗಿ ಹೋದ ಒಂದು ಶಾಲೆಯಲ್ಲಿ ಐದು ಕಂಪ್ಯೂಟರಿಗೆ ಹೂವಿನ ಬಟ್ಟೆ ಹೊದಿಸಿ, ಬೀಗ ಹಾಕಿ ಇಟ್ಟಿದ್ದರು. ಮಕ್ಕಳು ಮುಟ್ಟಿ ಕೆಡಿಸ್ತಾರೆ ಅಂತ. ಯಾರೂ ಮುಟ್ಟದೇನೇ ನಾಲ್ಕು ಕೆಟ್ಟಿದ್ದವು. ಮೇಜಿನ ಕಂಪ್ಯೂಟರಿನಲ್ಲಿ ಡಿಸ್ಕು ಬದಲಿಸೋದು ಲ್ಯಾಪ್‌ಟಾಪಿಗಿಂತ ಸುಲಭ. ಪಕ್ಕದ ತಗಡು ತೆಗೆದರೆ ಎಲ್ಲ ಕಣ್ಣೆದುರೇ. ಸರ್ಕಾರದ ಸ್ವತ್ತು, ಬಿಚ್ಚಿದರೆ ಕಾರಣ ಕೇಳ್ತಾರೆ ಅಂತೀರಿ, ಗೊತ್ತು. ಲಿಖಿತ ಅನುಮತಿ ತಗೊಂಡು, ಏಳನೇ ಕ್ಲಾಸಿನ ಮಕ್ಕಳನ್ನ ಸುತ್ತ ಕೂರಿಸಿಕೊಂಡು ಬಿಚ್ಚಿ. ಹೆಣ್ಣುಮಕ್ಕಳ ಕೈಗೂ ಸ್ಕ್ರೂಡ್ರೈವರ್ ಕೊಡಿ. ಇನ್ನೊಂದು: ಎಸ್‌ಎಸ್‌ಡಿ ಬಂತು ಅಂತ ನಿಶ್ಚಿಂತೆ ಬೇಡ. ತಟ್ಟೆಯ ಡಿಸ್ಕು ಟಕ್ ಟಕ್ ಅಂತ ಕೂಗಿ ಸಾಯುತ್ತೆ, ಇದು ಎಷ್ಟೋ ಸಲ ಸದ್ದಿಲ್ಲದೆ ಒಂದೇ ಏಟಿಗೆ ಹೋಗುತ್ತೆ. ವರ್ಷಗಟ್ಟಲೆ ಕರೆಂಟು ಕಾಣದೆ ಪೆಟ್ಟಿಗೆಯಲ್ಲಿ ಬಿದ್ದರೆ ಅದರೊಳಗಿನ ಬರಹ ಮಾಸಲೂಬಹುದು. ನನ್ನ ಈಗಿನ ಪ್ರತಿಗಳು ಮೂರು: ಒಂದು ಲ್ಯಾಪ್‌ಟಾಪಲ್ಲಿ, ಒಂದು ಹೊರಗಿನ ಡಿಸ್ಕಲ್ಲಿ, ಒಂದು ಬೇರೆ ಊರಿನ ಹಾಸ್ಟೆಲಿನಲ್ಲಿರೋ ತಂಗಿಯ ಟ್ರಂಕಲ್ಲಿ.

ಹಳೆ ಡಿಸ್ಕಿನದು ಉಳೀತು. ಅದನ್ನ ಹಾಗೇ ಗುಜರಿಗೆ ಹಾಕೋ ಹಾಗಿರಲಿಲ್ಲ. ಓದೋಕೆ ಬರೋ ಯಾರಿಗಾದ್ರೂ ಆ ನಲವತ್ತು ಮನೆಗಳ ಕಾಗದ ಅದರಲ್ಲಿ ಇದ್ದೇ ಇದೆ. ಈಗ ದೂಳಿನ ಮಾತು ಕೇಳಬೇಕಾಗಿರಲಿಲ್ಲ, ಹಾಗಾಗಿ ಎರಡನೆಯ ಮುಚ್ಚಳವನ್ನೂ ಬಿಚ್ಚಿದೆವು. ಅದರ ಸ್ಕ್ರೂಗಳಿಗೆ ನಕ್ಷತ್ರದಂಥ ತಲೆ, ಅದಕ್ಕೆ ಬೇರೆ ಮೂತಿ ಬೇಕು. ಒಂದು ಸ್ಕ್ರೂ ಚೀಟಿಯ ಕೆಳಗೆ ಅಡಗಿರುತ್ತೆ. ಮುಚ್ಚಳ ಎದ್ದಾಗ ಅಪ್ಪ ಕನ್ನಡಕ ಏರಿಸಿ ಬಾಗಿದ. ತಟ್ಟೆಯಲ್ಲಿ ಅವನ ಮುಖ ಕಂಡಿತು. ಓದೋ ತೋಳಿನ ಬುಡದಲ್ಲಿ, ಎರಡು ಅಯಸ್ಕಾಂತಗಳ ನಡುವೆ, ಕೂದಲಂಥ ತಾಮ್ರದ ತಂತಿ ಸುತ್ತಿದ ಒಂದು ಸುರುಳಿ. ತಟ್ಟೆಯ ನಡುವಿನ ಗಾಲಿ ಬಿಚ್ಚಿದರೆ ಅಲ್ಲೂ ಸುರುಳಿಗಳು.

“ಮೂರು ಫೇಸು ಕಣವ್ವ ಇದು,” ಅಂದ ಅಪ್ಪ. “ಇದೂ ನಮ್ದೇ ಮೋಟಾರು. ಯಾರೋ ಇಷ್ಟು ಸಣ್ಣಕ್ಕೆ ಸುತ್ತವ್ರೆ.” ಬೆರಳ ತುದಿಯಲ್ಲಿ ಬಹಳ ಹೊತ್ತು ತಿರುಗಿಸಿ ನೋಡಿದ.

ಲ್ಯಾಪ್‌ಟಾಪ್ ಡಿಸ್ಕಿನ ತಟ್ಟೆ ಎಷ್ಟೋ ಸಲ ಗಾಜಿನದು. ಗೋಣಿಚೀಲದಲ್ಲಿ ಸುತ್ತಿ ಸುತ್ತಿಗೆಯಲ್ಲಿ ಒಂದು ಕೊಟ್ಟರೆ ಚೂರುಚೂರು. ಬರಿಗೈಲಿ, ಬರಿಗಣ್ಣಲ್ಲಿ ಮಾಡೋ ಕೆಲಸ ಅಲ್ಲ ಅದು. ಅಲ್ಯೂಮಿನಿಯಂ ಡಬ್ಬಿಯನ್ನ ಗುಜರಿಯವನು ಪಾತ್ರೆ ಪಗಡೆಗಳ ಜೊತೆ ತೂಗಿಕೊಂಡ. ಸರ್ಕ್ಯೂಟ್ ಹಲಗೆಯನ್ನೂ ಕೇಳಿದ, ಕೊಡಲಿಲ್ಲ. ಅದು ಸಂತೆಯಿಂದ ಸಂತೆಗೆ ಹೋಗಿ, ದಿಲ್ಲಿಯ ಸೀಲಂಪುರದಂಥ ಕಡೆ ಬೆಂಕಿಗೋ ಆಸಿಡ್ಡಿಗೋ ಬೀಳುತ್ತೆ. ಅಲ್ಲಿ ಬರಿಗೈಯಲ್ಲಿ ಅದನ್ನ ಕಲಕೋ ಹೆಂಗಸರು, ಮಕ್ಕಳು ಯಾರು ಅಂತ ಈ ಪತ್ರಿಕೆ ಓದೋರಿಗೆ ಬಿಡಿಸಿ ಹೇಳಬೇಕಿಲ್ಲ. ಕಸ ಎತ್ತೋ ಕೆಲಸ ಕಂಪ್ಯೂಟರಿನ ಕಾಲಕ್ಕೆ ಬಂದರೂ ಹಳೆ ದಾರಿಯನ್ನೇ ಹಿಡಿದಿದೆ. ಇ-ತ್ಯಾಜ್ಯದ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ನೋಂದಾಯಿತ ಮರುಬಳಕೆದಾರರಿಗೇ ಇದೆಲ್ಲ ಹೋಗಬೇಕು ಅಂತ ಅವು ಹೇಳುತ್ತವೆ. ನಮ್ಮ ತಾಲ್ಲೂಕಿನಲ್ಲಿ ಅಂಥದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಬೆಂಗಳೂರಿಗೆ ಹೋಗುವಾಗ ಒಯ್ಯಬೇಕು ಅಂತ ಹಲಗೆಯನ್ನ ಗೋಡೆಯ ಗೂಡಿನಲ್ಲಿ ಇಟ್ಟಿದ್ದೀನಿ. ಅಯಸ್ಕಾಂತ ಎರಡನ್ನೂ ಅಪ್ಪ ಇಸ್ಕೊಂಡ. ಒಂದರಲ್ಲಿ ಅವ್ವನ ಸೂಜಿಗಳಿವೆ, ಇನ್ನೊಂದು ಬೀದಿಯ ಹುಡುಗರ ಕೈಯಲ್ಲಿ ಮನೆಯಿಂದ ಮನೆಗೆ ಓಡಾಡ್ತಿದೆ.